ತೇಲುವ ಕ್ಯಾನ್, ಮುಳುಗುವ ಕ್ಯಾನ್

ಮದುವೆ ಛತ್ರದಲ್ಲಿ ಊಟದ ಹಾಲ್ ಪಕ್ಕ ಒಂದು ದೊಡ್ಡ ಟಬ್ ಇಟ್ಟು, ನೀರು ತುಂಬಿಸಿ, ಐಸ್ ಒಡೆದು ಹಾಕಿ, ಕೂಲ್‌ಡ್ರಿಂಕ್ಸ್ ಕ್ಯಾನ್‌ಗಳನ್ನು ಬಿಟ್ಟಿರುತ್ತಾರಲ್ಲ, ಆ ಟಬ್ಬಿನೊಳಗೆ ಒಮ್ಮೆ ಬಗ್ಗಿ ನೋಡಿ. ಕೆಲವು ಕ್ಯಾನ್ ತಳ ಹಿಡಿದು ಕೂತಿರುತ್ತವೆ, ಕೆಲವು ಐಸ್ ಜೊತೆ ಮೇಲೆ ತೇಲುತ್ತಿರುತ್ತವೆ. ತೇಲುವುದನ್ನು ಎತ್ತಿ ನೋಡಿದರೆ ಸಾಮಾನ್ಯವಾಗಿ ಅದರ ಮೇಲೆ ‘ಝೀರೋ’, ‘ಡಯಟ್’ ಇಲ್ಲವೇ ‘ಶುಗರ್ ಫ್ರೀ’ ಎಂದಿರುತ್ತದೆ. ಸಕ್ಕರೆ ಕಾಯಿಲೆಯ ನಮ್ಮ ದೊಡ್ಡಪ್ಪ ವರ್ಷಗಳಿಂದ ಮೇಲಿನದನ್ನೇ ಎತ್ತಿಕೊಳ್ಳುತ್ತಾರೆ. ಒಂದು ಸಲ ಒಂದು ಗುಟುಕು ಕುಡಿದು, ಕ್ಯಾನನ್ನು ಕಣ್ಣಿನ ಹತ್ತಿರ ಹಿಡಿದು, “ಅಲ್ಲ ಕಣಮ್ಮ, ಸಕ್ಕರೆ ಇಲ್ಲ ಅಂತ ಬರ್ದಿದಾರೆ, ಬಾಯಿಗೆ ಸಿಹಿ ಬರ್ತಾನೇ ಇದೆ. ಹಂಗಾದ್ರೆ ಇದ್ರಲ್ಲಿ ಇರೋದೇನು?” ಎಂದು ಕೇಳಿದರು. ಆ ದಿನ ನನಗೆ ನೆಟ್ಟಗೆ ಉತ್ತರ ಹೇಳಲಾಗಲಿಲ್ಲ.

ಮೊದಲು ತೇಲುವ ವಿಷಯ. ಸಾಮಾನ್ಯ ಕೋಲಾದಲ್ಲಿ 100 ಮಿಲಿಲೀಟರಿಗೆ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 300 ಮಿಲಿಲೀಟರಿನ ಒಂದು ಕ್ಯಾನಿಗೆ ಸುಮಾರು 32 ಗ್ರಾಂ, ಅಂದರೆ ಆರು ಚಮಚ ದಾಟಿತು. ಇಷ್ಟು ಸಕ್ಕರೆ ಕರಗಿದ ನೀರು ಅದೇ ಅಳತೆಯ ಬರೀ ನೀರಿಗಿಂತ ಹತ್ತು ಹನ್ನೆರಡು ಗ್ರಾಂ ಹೆಚ್ಚು ತೂಗುತ್ತದೆ. ಕ್ಯಾನನ್ನು ಮುಳುಗಿಸಲು ಅಷ್ಟು ಸಾಕು. ಸಕ್ಕರೆರಹಿತ ಕ್ಯಾನಿನಲ್ಲಿ ಸಿಹಿಗೆಂದು ಹಾಕಿರುವುದು ಒಂದು ಚಿಟಿಕೆಗಿಂತಲೂ ಕಡಿಮೆ. ಕ್ಯಾನಿನ ತಲೆಯಲ್ಲಿ ಉಳಿದ ಪುಟ್ಟ ಖಾಲಿ ಜಾಗವೇ ಅದನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ.

ಈ ಆರು ಚಮಚ ಸಕ್ಕರೆ ಪಾನೀಯದಲ್ಲಿ ಸಿಹಿ ಕೊಡುವುದರ ಜೊತೆಗೆ ಇನ್ನೂ ನಾಲ್ಕಾರು ಕೆಲಸ ಮಾಡುತ್ತಿತ್ತು. ಹುಳಿಯನ್ನು ಹದಕ್ಕೆ ತರುತ್ತಿತ್ತು, ನಾಲಿಗೆಯ ಮೇಲೆ ಪಾನೀಯಕ್ಕೆ ಒಂದು ಮೈ ಕೊಡುತ್ತಿತ್ತು, ಕೆಲವು ರಾಸಾಯನಿಕ ಕ್ರಿಯೆಗಳನ್ನು ತಡೆದು ನಿಲ್ಲಿಸುತ್ತಿತ್ತು. ಅದು ಎದ್ದು ಹೋದ ಮೇಲೆ ಅಷ್ಟೂ ಕೆಲಸಕ್ಕೆ ಬೇರೆ ಬೇರೆ ಆಳುಗಳನ್ನು ಹುಡುಕಬೇಕಾಯಿತು. ಲೇಬಲ್ಲಿನ ಸಣ್ಣ ಅಕ್ಷರದ ಸಂಖ್ಯೆಗಳಲ್ಲಿ ಹಲವು ಆ ಆಳುಗಳ ಹೆಸರುಗಳೇ.

ಒಂದು ಸಕ್ಕರೆರಹಿತ ಕೋಲಾ ಕ್ಯಾನ್ ತಿರುಗಿಸಿದರೆ ಹೆಚ್ಚುಕಡಿಮೆ ಇಷ್ಟು ಕಾಣುತ್ತದೆ: ಗ್ಯಾಸ್ ತುಂಬಿದ ನೀರು, ಹುಳಿ ನಿಯಂತ್ರಕ 338 ಮತ್ತು 331, ಸಿಹಿಕಾರಕ 951 ಮತ್ತು 950, ಸಂರಕ್ಷಕ 211, ಬಣ್ಣ 150ಡಿ, ಕೆಫೀನ್, ಫ್ಲೇವರ್. ಈ ಸಂಖ್ಯೆಗಳಿಗೆ ಐಎನ್‌ಎಸ್ ಎಂದು ಹೆಸರು. ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಜಗತ್ತಿನಾದ್ಯಂತ ಒಂದೇ ಗುರುತು ಇರಲಿ ಎಂದು ಮಾಡಿಕೊಂಡ ಏರ್ಪಾಡು. ನೂರರ ಸಾಲಿನವು ಬಣ್ಣ, ಇನ್ನೂರರವು ಹೆಚ್ಚಾಗಿ ಕೆಡದಂತೆ ಕಾಯುವವು, ಮುನ್ನೂರರಲ್ಲಿ ಹುಳಿಗಳು, ನಾನೂರರಲ್ಲಿ ಗೋಂದು ಮತ್ತು ಮಂದಕಾರಕಗಳು, 950ರ ಆಸುಪಾಸಿನವು ಸಿಹಿಕಾರಕ. ಇಷ್ಟು ನೆನಪಿದ್ದರೆ ಅಂಗಡಿಯ ಮುಂದೆ ನಿಂತೇ ಅರ್ಧ ಲೇಬಲ್ ಓದಬಹುದು.

951 ಎಂದರೆ ಆಸ್ಪರ್ಟೇಮ್. 1965ರಲ್ಲಿ ಅಮೆರಿಕದ ಸರ್ಲ್ ಔಷಧ ಕಂಪನಿಯಲ್ಲಿ ಜೇಮ್ಸ್ ಶ್ಲಾಟರ್ ಎಂಬ ರಸಾಯನವಿಜ್ಞಾನಿ ಹೊಟ್ಟೆಹುಣ್ಣಿನ ಔಷಧಕ್ಕಾಗಿ ಕೆಲಸ ಮಾಡುತ್ತಿದ್ದರು. ಕಾಗದ ತೆಗೆಯಲೆಂದು ಬೆರಳನ್ನು ನಾಲಿಗೆಗೆ ತಾಗಿಸಿಕೊಂಡಾಗ ಸಿಹಿ ಹತ್ತಿತು. ಪ್ರೋಟೀನಿನ ಇಟ್ಟಿಗೆಗಳಾದ ಎರಡು ಅಮೈನೋ ಆಮ್ಲಗಳು, ಆಸ್ಪಾರ್ಟಿಕ್ ಆಮ್ಲ ಮತ್ತು ಫೀನೈಲ್‌ಅಲನೀನ್, ಒಂದಕ್ಕೊಂದು ಕೂಡಿಕೊಂಡು, ಬಾಲಕ್ಕೊಂದು ಮೀಥೈಲ್ ಗುಂಪು ಅಂಟಿಸಿಕೊಂಡರೆ ಅದೇ ಆಸ್ಪರ್ಟೇಮ್. ಬಿಡಿಬಿಡಿಯಾಗಿ ಆ ಎರಡರಲ್ಲಿ ಒಂದಕ್ಕೂ ಸಕ್ಕರೆಯ ರುಚಿ ಇಲ್ಲ. ಕೂಡಿದಾಗ ಮಾತ್ರ ನಾಲಿಗೆಯ ಸಿಹಿ ಗ್ರಾಹಿಯೊಳಗೆ ಕೀಲಿಯಂತೆ ಕೂರುತ್ತದೆ, ಅದೂ ಸಕ್ಕರೆಗಿಂತ ಸುಮಾರು 200 ಪಟ್ಟು ಬಿಗಿಯಾದ ಸಿಹಿಯೊಂದಿಗೆ. ಬೀಗವೊಂದು, ಕೀಲಿ ಹಲವು ಎನ್ನುವುದು ಇಲ್ಲಿನ ಮೂಲ ಸಂಗತಿ. ಇಲಿಗಳ ಗ್ರಾಹಿಯ ರಚನೆ ಸ್ವಲ್ಪ ಬೇರೆಯಾದ್ದರಿಂದ ಅವಕ್ಕೆ ಆಸ್ಪರ್ಟೇಮ್ ಸಿಹಿ ಎನಿಸುವುದಿಲ್ಲ. ಬೆಕ್ಕುಗಳಿಗಂತೂ ಆ ಬೀಗವೇ ಕೆಟ್ಟಿದೆ, ಸಕ್ಕರೆಯ ಸಿಹಿಯೂ ತಿಳಿಯದು.

ಈಗ ದೊಡ್ಡಪ್ಪನ ಪ್ರಶ್ನೆಗೆ ಲೆಕ್ಕ ಹಾಕಿ. 32 ಗ್ರಾಂ ಸಕ್ಕರೆಯನ್ನು 200ರಿಂದ ಭಾಗಿಸಿದರೆ 160 ಮಿಲಿಗ್ರಾಂ. ಆಸ್ಪರ್ಟೇಮಿಗೂ ಗ್ರಾಂ ಒಂದಕ್ಕೆ 4 ಕ್ಯಾಲೊರಿ ಇದೆ, ಸಕ್ಕರೆಯಷ್ಟೇ. ಆದರೆ ಬಳಸುವ ಪ್ರಮಾಣವೇ ಇಷ್ಟು ಸಣ್ಣದಾದ್ದರಿಂದ ಇಡೀ ಕ್ಯಾನಿಗೆ ಸೇರಿಸಿದರೂ ಒಂದು ಕ್ಯಾಲೊರಿ ತುಂಬುವುದಿಲ್ಲ. ಸಿಹಿ ಇದೆ, ಸಕ್ಕರೆ ಇಲ್ಲ ಎನ್ನುವುದು ಹೀಗೆ ಸಾಧ್ಯವಾಗಿದೆ.

ಹಾಗಿದ್ದ ಮೇಲೆ 950 ಯಾಕೆ? ಅದು ಅಸಿಸಲ್ಫೇಮ್ ಪೊಟ್ಯಾಸಿಯಂ. 1967ರಲ್ಲಿ ಜರ್ಮನಿಯ ಹೋಕ್ಸ್ಟ್ ಕಂಪನಿಯ ಕಾರ್ಲ್ ಕ್ಲಾಸ್ ಅವರಿಗೆ ಸಿಕ್ಕಿತು, ಅದೂ ಬೆರಳು ನೆಕ್ಕಿಯೇ. ಸಕ್ಕರೆಯ ಸಿಹಿ ತಕ್ಷಣ ಬಂದು, ಒಂದು ಕ್ಷಣ ನಿಂತು, ಜಾಗ ಖಾಲಿ ಮಾಡುತ್ತದೆ. ಆಸ್ಪರ್ಟೇಮ್ ತಡವಾಗಿ ಬಂದು ತಡವಾಗಿ ಹೋಗುತ್ತದೆ. ಅಸಿಸಲ್ಫೇಮ್ ಬೇಗ ಬರುತ್ತದೆ, ಆದರೆ ಹೋಗುವಾಗ ಕಹಿ ಬಿಟ್ಟು ಹೋಗುತ್ತದೆ. ಎರಡನ್ನೂ ಬೆರೆಸಿದರೆ ಮೊದಲ ಗುಟುಕಿನ ಸಿಹಿಯನ್ನು ಒಂದು ಕೊಡುತ್ತದೆ, ಮುಂದಿನದನ್ನು ಇನ್ನೊಂದು ಹಿಡಿಯುತ್ತದೆ, ಕಹಿ ಮಸುಕಾಗುತ್ತದೆ. ಜೊತೆಗೆ ಬೆರೆತಾಗಿನ ಒಟ್ಟು ಸಿಹಿ ಬಿಡಿ ಸಿಹಿಗಳ ಮೊತ್ತಕ್ಕಿಂತ ಹೆಚ್ಚು. ಹಾಗಾಗಿ ಎರಡರ ಪ್ರಮಾಣವನ್ನೂ ಇಳಿಸಬಹುದು. ಅಸಿಸಲ್ಫೇಮ್ ನಮ್ಮ ಕಹಿ ಗ್ರಾಹಿಗಳನ್ನೂ ತಟ್ಟುತ್ತದೆ, ಆ ಗ್ರಾಹಿಗಳು ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಒಂದೇ ಕ್ಯಾನ್ ಹಂಚಿಕೊಂಡು ಕುಡಿದಾಗ ಒಬ್ಬರಿಗೆ ಔಷಧದ ವಾಸನೆ ಹೊಡೆದಂತಾಗಿ ಮತ್ತೊಬ್ಬರಿಗೆ ಏನೂ ಅನಿಸದಿದ್ದರೆ ಅದು ನಖರಾ ಅಲ್ಲ, ನಿಜವಾಗಿಯೂ ಇಬ್ಬರ ನಾಲಿಗೆ ಬೇರೆ.

ಕೆಲವು ಪಾನೀಯಗಳಲ್ಲಿ 955 ಕಾಣುತ್ತದೆ, ಅದು ಸುಕ್ರಲೋಸ್. ಅದರ ಕತೆ ನನಗೆ ಬಹಳ ಇಷ್ಟ. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಲೆಸ್ಲಿ ಹಫ್ ಅವರ ಕೈಕೆಳಗೆ ಶಶಿಕಾಂತ ಫಡ್ನಿಸ್ ಎಂಬ ಭಾರತೀಯ ಸಂಶೋಧಕ ಕೆಲಸ ಮಾಡುತ್ತಿದ್ದರು. ಸಕ್ಕರೆಗೆ ಕ್ಲೋರಿನ್ ಕೂಡಿಸಿ ಮಾಡಿದ ಪುಡಿಯನ್ನು ‘ಟೆಸ್ಟ್’ ಮಾಡು ಎಂದು ಹೇಳಿದ್ದು ಅವರ ಕಿವಿಗೆ ‘ಟೇಸ್ಟ್’ ಮಾಡು ಎಂದು ಕೇಳಿಸಿತು. ಅವರು ನಾಲಿಗೆಗೆ ಹಚ್ಚಿ ನೋಡಿಬಿಟ್ಟರು. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಲ್ಯಾಬಿನಲ್ಲಿ ಗುರುತಿಲ್ಲದ ಪುಡಿಯನ್ನು ನಾಲಿಗೆಗೆ ಹಚ್ಚುವುದು ಎಷ್ಟು ಅಪಾಯ ಎಂದು ಯೋಚಿಸಿದರೆ ಈಗಲೂ ಮೈ ಝುಮ್ಮೆನ್ನುತ್ತದೆ. ಆದರೂ 1879ರ ಸ್ಯಾಕರಿನ್‌ನಿಂದ ಹಿಡಿದು ಮುಖ್ಯ ಕೃತಕ ಸಿಹಿಕಾರಕಗಳೆಲ್ಲ ಸಿಕ್ಕಿದ್ದು ಹೆಚ್ಚುಕಡಿಮೆ ಹೀಗೇ, ಕೈತಪ್ಪಿ ಬಾಯಿಗೆ ಹೋದಾಗ. 960 ಇದ್ದರೆ ಅದು ಸ್ಟೀವಿಯಾ, ದಕ್ಷಿಣ ಅಮೆರಿಕದ ಪರಾಗ್ವೆ ಕಡೆಯ ಒಂದು ಗಿಡದ ಎಲೆಯಿಂದ ತೆಗೆದದ್ದು. ಗಿಡದ್ದು ಎಂದ ಮಾತ್ರಕ್ಕೆ ಅದು ಎಲೆ ಅರೆದು ಹಾಕಿದ ರಸವಲ್ಲ. ಕಾರ್ಖಾನೆಯಲ್ಲಿ ಬೇರ್ಪಡಿಸಿ ಶುದ್ಧ ಮಾಡಿದ ಪುಡಿಯೇ.

ಇನ್ನು ಹುಳಿ. ಪಾನಕಕ್ಕೆ ಬೆಲ್ಲ ಕಡಿಮೆ ಬಿದ್ದರೆ ನಿಂಬೆಹುಳಿ ಹೇಗೆ ಮುಂದೆ ಬರುತ್ತದೆ ಎಂದು ಅಡುಗೆಮನೆಯಲ್ಲಿ ನಿಂತವರಿಗೆ ಗೊತ್ತು. ಕೋಲಾದ ಹುಳಿ ಫಾಸ್ಫಾರಿಕ್ ಆಮ್ಲ, ಅದೇ 338. ನಿಂಬೆ, ಕಿತ್ತಳೆ ರುಚಿಯ ಪಾನೀಯಗಳಲ್ಲಿ ಸಿಟ್ರಿಕ್ ಆಮ್ಲ, 330. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಸಾಮಾನ್ಯ ಕೋಲಾದ ಪಿಎಚ್ 2.5ರ ಆಸುಪಾಸು, ಹೆಚ್ಚುಕಡಿಮೆ ನಿಂಬೆರಸದಷ್ಟು. ಅಷ್ಟು ಹುಳಿಯನ್ನು ನಾವು ಗಟಗಟ ಕುಡಿಯುತ್ತಿದ್ದುದು ಆರು ಚಮಚ ಸಕ್ಕರೆಯ ಮರೆಯಲ್ಲಿ.

ಸಕ್ಕರೆರಹಿತ ಪಾನೀಯಕ್ಕೆ ಇಲ್ಲಿ ಇನ್ನೊಂದು ಕಷ್ಟವಿದೆ. ಆಸ್ಪರ್ಟೇಮ್ ಅತ್ಯಂತ ಗಟ್ಟಿಯಾಗಿ ನಿಲ್ಲುವುದು ಪಿಎಚ್ 4.3ರ ಹತ್ತಿರ. ಅದಕ್ಕಿಂತ ಹುಳಿ ಹೆಚ್ಚಾದಷ್ಟೂ ಅದರ ಎರಡು ಇಟ್ಟಿಗೆಗಳು ಬೇಗ ಬಿಟ್ಟುಕೊಳ್ಳುತ್ತವೆ. ಬಿಟ್ಟುಕೊಂಡರೆ ಸಿಹಿ ಹೋಯಿತು. ಅದಕ್ಕೇ 331, ಅಂದರೆ ಸೋಡಿಯಂ ಸಿಟ್ರೇಟ್, ಅಥವಾ ಅದರ ಪೊಟ್ಯಾಸಿಯಂ ತಮ್ಮ 332 ಬರುತ್ತದೆ. ಹುಳಿಯ ಏರಿಳಿತವನ್ನು ಹಿಡಿದು ನಿಲ್ಲಿಸಿ, ಪಿಎಚ್ ಅನ್ನು 3ರ ಮೇಲಕ್ಕೆ ತರುವುದು ಇವುಗಳ ಕೆಲಸ. ಒಂದು ಸಿಹಿಕಾರಕವನ್ನು ಕಾಪಾಡಲು ಇನ್ನೊಂದು ಪದಾರ್ಥ ಬೇಕಾಯಿತು.

ಇಷ್ಟು ಮಾಡಿದರೂ ಬಿಸಿಲಿಗೆ ಅದು ಸೋಲುತ್ತದೆ. ಶಾಖ ಹೆಚ್ಚಿದಷ್ಟೂ ಆಸ್ಪರ್ಟೇಮ್ ಒಡೆಯುವ ವೇಗ ಹೆಚ್ಚು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಅಂಗಡಿಯ ಹೊರಗೆ ಪೇರಿಸಿಟ್ಟ ಬಾಟಲಿಗಳನ್ನು ನೆನೆಸಿಕೊಳ್ಳಿ. ಅಲ್ಲಿ ವಾರಗಟ್ಟಲೆ ನಿಂತ ಸಕ್ಕರೆರಹಿತ ಕೋಲಾ ಆಮೇಲೆ ಫ್ರಿಜ್ಜಿಗೆ ಹೋದರೂ ಕಳೆದ ಸಿಹಿ ಮರಳುವುದಿಲ್ಲ; ಸಪ್ಪೆ, ಹುಳಿ, ಸ್ವಲ್ಪ ಲೋಹದ ರುಚಿ ಎನಿಸುತ್ತದೆ. ಸಕ್ಕರೆ ಹಾಕಿದ ಕೋಲಾಗೆ ಈ ತೊಂದರೆ ಇಲ್ಲ. ಆದ್ದರಿಂದ ಸಕ್ಕರೆರಹಿತವಾದದ್ದನ್ನು ಕೊಳ್ಳುವಾಗ ತಯಾರಾದ ದಿನಾಂಕ ನೋಡಿ ಹೊಸದನ್ನು ಆರಿಸಿ, ಬಿಸಿಲಿಗೆ ಇಟ್ಟ ಕ್ರೇಟಿನಿಂದ ತೆಗೆದುಕೊಳ್ಳಬೇಡಿ. ಇದೇ ಕಾರಣಕ್ಕೆ ಆಸ್ಪರ್ಟೇಮ್ ಮಾತ್ರೆ ಹಾಕಿ ಪಾಯಸ ಕುದಿಸಲು ಹೋಗಬಾರದು. ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು.

211 ಸೋಡಿಯಂ ಬೆಂಜೊಯೇಟ್. ಯೀಸ್ಟ್, ಬೂಷ್ಟು ಬೆಳೆಯದಂತೆ ಕಾಯುತ್ತದೆ. ಹುಳಿ ಇದ್ದಲ್ಲಿ ಮಾತ್ರ ಇದು ಚುರುಕು: ಹುಳಿಯಲ್ಲಿ ಬೆಂಜೋಯಿಕ್ ಆಮ್ಲವಾಗಿ ಬದಲಾಗಿ ಸೂಕ್ಷ್ಮಜೀವಿಯ ಗೋಡೆ ದಾಟಿ ಒಳಹೋಗುತ್ತದೆ. ಇದರ ವಿಷಯದಲ್ಲಿ ಒಂದು ಎಚ್ಚರ ಬೇಕು. ಬೆಂಜೊಯೇಟ್ ಜೊತೆ ವಿಟಮಿನ್ ಸಿ, ಅಂದರೆ 300, ಇದ್ದು, ಬಿಸಿಲು ಅಥವಾ ಶಾಖ ತಾಗಿದರೆ ಅತ್ಯಲ್ಪ ಪ್ರಮಾಣದಲ್ಲಿ ಬೆಂಜೀನ್ ಹುಟ್ಟಬಹುದು. ಬೆಂಜೀನ್ ಕ್ಯಾನ್ಸರ್‌ಕಾರಕ, ಅದರಲ್ಲಿ ಅನುಮಾನವಿಲ್ಲ. 1990ರಲ್ಲಿ ಒಮ್ಮೆ, 2005-06ರಲ್ಲಿ ಮತ್ತೊಮ್ಮೆ ಅಮೆರಿಕದಲ್ಲಿ ಈ ವಿಷಯ ಎದ್ದು, ಕೆಲವು ಪಾನೀಯಗಳ ಸೂತ್ರವನ್ನೇ ಬದಲಿಸಬೇಕಾಯಿತು. ಕರಗಿದ ಸಕ್ಕರೆ ಈ ಕ್ರಿಯೆಯನ್ನು ನಿಧಾನಗೊಳಿಸುತ್ತದೆ. ಸಕ್ಕರೆ ತೆಗೆದ ಪಾನೀಯದಲ್ಲಿ ಆ ತಡೆ ಇಲ್ಲ. ಹಾಗಾಗಿ ಸಕ್ಕರೆರಹಿತ ಹಣ್ಣಿನ ರುಚಿಯ ಪಾನೀಯದ ಲೇಬಲ್ಲಿನಲ್ಲಿ 211, 300 ಎರಡೂ ಒಟ್ಟಿಗೆ ಕಂಡರೆ ನಾನು ಅದನ್ನು ವಾಪಸ್ ಇಟ್ಟುಬಿಡುತ್ತೇನೆ.

ಪಾನೀಯದ ಮೈ ಎಂದೆನಲ್ಲ, ಅದನ್ನು ತುಂಬುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ಬರುವ ಪಾಕವನ್ನು ಸಕ್ಕರೆಯಿಂದ ಮಾಡಬಹುದು, 160 ಮಿಲಿಗ್ರಾಂ ಪುಡಿಯಿಂದ ಆಗದು. ಕೆಲವು ಪಾನೀಯಗಳಿಗೆ ಪೆಕ್ಟಿನ್ ಅಥವಾ ಸೆಲ್ಯುಲೋಸಿನ ಗೋಂದನ್ನು ಹಾಕುತ್ತಾರೆ. ಕೋಲಾಗಳಲ್ಲಿ ಹೆಚ್ಚಾಗಿ ಗ್ಯಾಸಿನ ಚುರುಕನ್ನೇ ನೆಚ್ಚಿಕೊಳ್ಳುತ್ತಾರೆ. ಆದರೂ ನೀರು ನೀರು ಎನಿಸುವುದು ಪೂರ್ತಿ ಹೋಗುವುದಿಲ್ಲ. ನೆಲಕ್ಕೆ ಚೆಲ್ಲಿದರೆ ಒಣಗಿದ ಮೇಲೆ ಕಾಲಿಗೆ ಅಂಟುವುದಿಲ್ಲ, ಅದೊಂದು ಅನುಕೂಲ.

ಕಪ್ಪು ಬಣ್ಣ 150ಡಿ ಕ್ಯಾರಮೆಲ್. ಮನೆಯಲ್ಲಿ ಸಕ್ಕರೆ ಕರಟಿಸಿದಂತೆಯೇ, ಆದರೆ ಅಮೋನಿಯಾ ಮತ್ತು ಸಲ್ಫೈಟ್ ಸೇರಿಸಿ ಮಾಡಿದ್ದು. ಇಲ್ಲದಿದ್ದರೆ ಆಮ್ಲದಲ್ಲಿ ಬಣ್ಣ ಮಡ್ಡಿಯಾಗಿ ತಳಕ್ಕಿಳಿಯುತ್ತದೆ. ಹೀಗೆ ಮಾಡುವಾಗ ಹುಟ್ಟುವ ಒಂದು ಉಪವಸ್ತುವಿನ ಬಗ್ಗೆ ಕ್ಯಾಲಿಫೋರ್ನಿಯಾ ರಾಜ್ಯ ಕಟ್ಟುನಿಟ್ಟು ಮಾಡಿದ ಮೇಲೆ ಅಲ್ಲಿನ ತಯಾರಕರು ಬಣ್ಣದ ವಿಧಾನ ಬದಲಿಸಿದರು. ಕೆಫೀನ್ ಸಕ್ಕರೆ ಇದ್ದರೂ ಇಲ್ಲದಿದ್ದರೂ ಕೋಲಾದಲ್ಲಿ ಸಾಮಾನ್ಯವಾಗಿ ಇರುತ್ತದೆ. ಸಕ್ಕರೆ ಇಲ್ಲ ಎಂದು ರಾತ್ರಿ ಒಂಬತ್ತಕ್ಕೆ ಎರಡು ಕ್ಯಾನ್ ಕುಡಿದು ನಿದ್ದೆ ಬರಲಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಹಲ್ಲಿನ ಮಾತೂ ಇಲ್ಲೇ ಮುಗಿಸುತ್ತೇನೆ. ಸಕ್ಕರೆ ಇಲ್ಲದ್ದರಿಂದ ಹುಳುಕು ಹಲ್ಲಿನ ಬ್ಯಾಕ್ಟೀರಿಯಾಗಳಿಗೆ ಮೇವಿಲ್ಲ, ನಿಜ. ಆದರೆ ಪಿಎಚ್ 5.5ರ ಕೆಳಗೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ, ಈ ಪಾನೀಯಗಳು 3ರ ಆಸುಪಾಸಿನಲ್ಲಿವೆ. ಒಂದು ಗಂಟೆ ಕಾಲ ಚೂರುಚೂರೇ ಹೀರುತ್ತಾ ಕೂರುವುದು ಹಲ್ಲಿಗೆ ಕೆಟ್ಟದ್ದು.

ಲೇಬಲ್ಲಿನ ಕೆಳಗೆ ಇನ್ನೆರಡು ಸಾಲು ಇರುತ್ತವೆ, ಅವನ್ನು ಓದುವವರು ಕಡಿಮೆ. ಒಂದು, ಫೀನೈಲ್‌ಕೀಟೋನ್ಯೂರಿಯಾ ಇರುವವರಿಗಲ್ಲ ಎಂಬುದು. ಇದು ಹುಟ್ಟಿನಿಂದ ಬರುವ ಅಪರೂಪದ ತೊಂದರೆ. ಫೀನೈಲ್‌ಅಲನೀನನ್ನು ಅರಗಿಸುವ ಕಿಣ್ವ ಕೆಲಸ ಮಾಡದೆ ಅದು ರಕ್ತದಲ್ಲಿ ಏರಿ, ಮಗುವಿನ ಮೆದುಳಿಗೆ ಹಾನಿ ಮಾಡುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯ ಒಂದು ಹನಿ ರಕ್ತದಿಂದ ಪತ್ತೆ ಮಾಡಬಹುದು. ನಮ್ಮಲ್ಲಿ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಇನ್ನೂ ಆಗುತ್ತಿಲ್ಲ, ಆಗಬೇಕು.

ಎರಡನೆಯದು ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ ಎಂಬ ಸಾಲು. ಸಕ್ಕರೆ ಇಲ್ಲವಲ್ಲ, ಮಗುವಿಗೆ ಇದೇ ವಾಸಿ ಎಂದು ಕೊಡುವ ತಾಯ್ತಂದೆಯರನ್ನು ನಾನು ಬಹಳ ನೋಡಿದ್ದೇನೆ. ಆಸ್ಪರ್ಟೇಮ್‌ಗೆ ಆಹಾರ ತಜ್ಞರ ಅಂತರರಾಷ್ಟ್ರೀಯ ಸಮಿತಿ ಇಟ್ಟಿರುವ ಮಿತಿ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗೆ, 40 ಮಿಲಿಗ್ರಾಂ. 70 ಕಿಲೋ ತೂಕದವರು, ಮೇಲಿನ 160ಕ್ಕಿಂತ ಹೆಚ್ಚೇ ಹಿಡಿದು ಕ್ಯಾನಿಗೆ 200ರಿಂದ 300 ಮಿಲಿಗ್ರಾಂ ಇದೆ ಎಂದುಕೊಂಡರೆ, 9ರಿಂದ 14 ಕ್ಯಾನಿಗಿಂತ ಹೆಚ್ಚು ಕುಡಿದರೆ ಆ ಮಿತಿ ದಾಟುತ್ತಾರೆ. ಯಾರೂ ಅಷ್ಟು ಕುಡಿಯುವುದಿಲ್ಲ. ಇಪ್ಪತ್ತು ಕಿಲೋದ ಮಗುವಿಗೆ ಅದೇ ಲೆಕ್ಕ ಹಾಕಿ: ಮೂರು ನಾಲ್ಕು ಕ್ಯಾನಿಗೆ ಮಿತಿ ಮುಟ್ಟುತ್ತದೆ. ಸಿಹಿಕಾರಕ ಹಾಕಿದ ಬೇರೆ ತಿಂಡಿಗಳೂ ಸೇರಿದರೆ ಇನ್ನೂ ಬೇಗ. ಪಾಪ, ಮಗುವಿಗೆ ಬೇಕಿರುವುದು ನೀರು.

2023ರ ಜುಲೈಯಲ್ಲಿ ಆಸ್ಪರ್ಟೇಮ್ ಕ್ಯಾನ್ಸರ್ ತರುತ್ತದಂತೆ ಎಂಬ ಸುದ್ದಿ ಮೊಬೈಲುಗಳಲ್ಲಿ ಓಡಾಡಿತು. ನಡೆದದ್ದು ಇಷ್ಟು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ‘2ಬಿ’ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಸೀಮಿತ ಎಂಬ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಅದೇ ಹೊತ್ತಿಗೆ ಪ್ರಮಾಣದ ಲೆಕ್ಕ ನೋಡುವ, ಆಗಲೇ ಹೇಳಿದ ಆಹಾರ ತಜ್ಞರ ಸಮಿತಿ 40 ಮಿಲಿಗ್ರಾಂ ಮಿತಿಯನ್ನು ಬದಲಿಸಲು ಕಾರಣವಿಲ್ಲ ಎಂದಿತು. ಒಂದು ಸಮಿತಿ ಕೇಳಿದ್ದು ಹಾನಿ ಮಾಡಬಲ್ಲದೇ ಎಂದು, ಇನ್ನೊಂದು ಕೇಳಿದ್ದು ಎಷ್ಟು ಕುಡಿದರೆ ಎಂದು.

ನನ್ನ ಮಟ್ಟಿಗೆ ಅದಕ್ಕಿಂತ ತೂಕದ ಮಾತು ಅದೇ ವರ್ಷದ ಮೇ ತಿಂಗಳಲ್ಲಿ ಬಂದದ್ದು. ತೂಕ ಇಳಿಸುವುದಕ್ಕೆಂದು ಇಂಥ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬೇಡಿ, ದೀರ್ಘಕಾಲದಲ್ಲಿ ಮೈಯ ಕೊಬ್ಬು ಇಳಿಸಲು ಅವು ನೆರವಾಗುತ್ತವೆ ಎನ್ನಲು ಆಧಾರವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸದು ಎಂದೂ ಹೇಳಿತು. ದೊಡ್ಡಪ್ಪನಂಥವರಿಗೆ ಅಪರೂಪಕ್ಕೊಂದು ಸಕ್ಕರೆರಹಿತ ಕ್ಯಾನ್ ಆರು ಚಮಚ ಸಕ್ಕರೆಗಿಂತ ಎಷ್ಟೋ ವಾಸಿ, ಇದನ್ನು ನಾನು ಒಪ್ಪುತ್ತೇನೆ. ದಿನಾ ಕುಡಿಯಬೇಕೆನಿಸಿದರೆ ಉಪ್ಪು ನಿಂಬೆ ಸೋಡಾ ಇದೆ. ಅದರ ಪಟ್ಟಿ ಮೂರೇ ಪದಾರ್ಥಕ್ಕೆ ಮುಗಿಯುತ್ತದೆ.

ದೊಡ್ಡಪ್ಪನಿಗೆ ಇದನ್ನೆಲ್ಲ ವಿವರಿಸಿದ ಮುಂದಿನ ವರ್ಷ ಇನ್ನೊಂದು ಮದುವೆ. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡಿದ್ದರು, ಮುಹೂರ್ತ ತಡವಾಗಿ ಊಟವೂ ತಡವಾಯಿತು. ಕುರ್ಚಿಯಲ್ಲಿ ಕೂತಿದ್ದವರ ಕೈ ನಡುಗತೊಡಗಿತು, ಹಣೆಯಲ್ಲಿ ಬೆವರು, ಮಾತು ತೊದಲು. ಶುಗರ್ ಇಳಿದಿದೆ ಎಂದು ದೊಡ್ಡಮ್ಮನಿಗೆ ಗೊತ್ತಾಯಿತು. “ಏನಾದ್ರೂ ಸಿಹಿ ತಗೊಂಡು ಬಾರೋ” ಎಂದು ಕೂಗಿದರು. ಹುಡುಗನೊಬ್ಬ ಟಬ್ಬಿನ ಕಡೆ ಓಡಿ, ದೊಡ್ಡಪ್ಪ ಯಾವಾಗಲೂ ಕುಡಿಯುವುದು ಇದನ್ನೇ ಎಂದು, ಮೇಲೆ ತೇಲುತ್ತಿದ್ದ ಕ್ಯಾನ್ ತಂದು ಕೈಗಿಟ್ಟ. ಅದನ್ನು ಪೂರ್ತಿ ಕುಡಿಸಿದ್ದರೂ ರಕ್ತದ ಸಕ್ಕರೆ ಒಂದು ಕೂದಲೆಳೆಯಷ್ಟೂ ಏರುತ್ತಿರಲಿಲ್ಲ. ನಾಲಿಗೆಗೆ ಸಿಹಿ ತಾಗಿದ್ದರಿಂದ ಸುತ್ತ ನಿಂತವರಿಗೆ ಸಮಾಧಾನವಾಗುತ್ತಿತ್ತು, ಅಷ್ಟೇ. ಅಷ್ಟರಲ್ಲಿ ಹತ್ತು ನಿಮಿಷ ಕಳೆದುಹೋಗುತ್ತಿತ್ತು.

ನಾನು ಅದನ್ನು ಪಕ್ಕಕ್ಕಿಟ್ಟು ಟಬ್ಬಿನ ತಳಕ್ಕೆ ಕೈ ಹಾಕಿದೆ. ಸಕ್ಕರೆ ಇರುವ ಕೋಲಾ ಅರ್ಧ ಲೋಟ, ಸುಮಾರು 150 ಮಿಲಿಲೀಟರ್. ಅದರಲ್ಲಿ 15 ಗ್ರಾಂ ಸಕ್ಕರೆ. ಅದು ಸಿಗದಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರೂ ಆದೀತು. ಹದಿನೈದು ನಿಮಿಷ ಕಾದು ಮತ್ತೆ ಶುಗರ್ ಪರೀಕ್ಷಿಸಬೇಕು, 70ರ ಕೆಳಗೇ ಇದ್ದರೆ ಅಷ್ಟನ್ನೇ ಇನ್ನೊಮ್ಮೆ ಕೊಡಬೇಕು, ಏರಿದ ಮೇಲೆ ಊಟಕ್ಕೆ ಕೂರಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಬೇಕು. ದೊಡ್ಡಪ್ಪನ ಕೈ ನಡುಕ ನಿಲ್ಲಲು ಕಾಲು ಗಂಟೆ ಹಿಡಿಯಿತು. ಆಮೇಲೆ ಅವರು ಮೊದಲು ಮಾಡಿದ ಕೆಲಸ ಆ ಹುಡುಗನನ್ನು ಹತ್ತಿರ ಕರೆದು ಕೂರಿಸಿಕೊಂಡು, ಎರಡೂ ಬಗೆಯ ತೆರೆಯದ ಕ್ಯಾನ್‌ಗಳನ್ನು ಅವನ ಕೈಗೆ ಕೊಟ್ಟು, ಒಂದೊಂದಾಗಿ ಟಬ್ಬಿಗೆ ಬಿಟ್ಟು ನೋಡಲು ಹೇಳಿದ್ದು.